ಹುಸೇನಬಿಯ ಆಕಳ ಉಣ್ಣಿಗಳು

ನಾನು ದನದ ಡಾಕ್ಟರ್ ಆಗಿರಲಿಲ್ಲ, ಹುಸೇನಬಿ ಅಮ್ಮಾ. ಔಷಧ ಹಚ್ಚಬೇಡಿ ಎಂದದ್ದು ನಿಮ್ಮ ಆಕಳ ಒಳಿತಿಗಲ್ಲ, ನನ್ನ ಉಣ್ಣಿಗಳು ಸಾಯಬಾರದೆಂದು. ಇಷ್ಟನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಉಣ್ಣಿಗಳ ವರ್ಣತಂತು ಎಣಿಸುವುದು ನನ್ನ ಸಂಶೋಧನೆ. ಹೆಣ್ಣಿಗಿಂತ ಗಂಡಿನಲ್ಲಿ ಒಂದು ಕಡಿಮೆ—ಅದನ್ನು ಸೂಕ್ಷ್ಮದರ್ಶಕದಡಿ ತೋರಿಸಬೇಕಿತ್ತು. ಅದಕ್ಕೆ ಜೀವಂತ ಗಂಡು ಉಣ್ಣಿಗಳೇ ಬೇಕು. ರಜೆಗೆಂದು ಹಾವೇರಿಯ ಮನೆಗೆ ಬಂದವನು ಸೈಕಲ್ ಹತ್ತಿ ನಿಮ್ಮೂರು ಅಗಡಿಗೆ ಬಂದೆ.

ಆ ಹುಳಗಳೆಂದರೆ ನನಗೆ ಹೇಸಿಕೆ. ಅಂಗಿಗೆ ಹತ್ತಬಾರದೆಂದು ಪ್ರಯೋಗಾಲಯದ ಬಿಳಿ ಕೋಟು ತೊಟ್ಟಿದ್ದೆ. ಕೋಟು, ಚಿಮುಟ, ಗಾಜಿನ ನಳಿಗೆಗಳು—ನೀವು ಸೆರಗು ಸರಿಪಡಿಸಿಕೊಂಡು "ಬರ್ರಿ, ಡಾಕ್ಟರ್ ಸಾಹೇಬ್ರ" ಎಂದಿರಿ. ನಾನು ತಿದ್ದಲಿಲ್ಲ. ತಿದ್ದಿದ್ದರೆ ಆಕಳನ್ನು ಮುಟ್ಟಲು ಬಿಡುತ್ತಿದ್ದಿರೋ ಇಲ್ಲವೋ—ಅಲ್ಲ, ಅದಕ್ಕಲ್ಲ. ಕೇಳಲು ಹಿತವಾಗಿತ್ತು.

ಹಾಲು ಮಾರಿ ಒಬ್ಬರೇ ಬದುಕುತ್ತಿದ್ದ ನಿಮಗೆ ಇದ್ದದ್ದು ಆ ಒಂದೇ ಜರ್ಸಿ ಆಕಳು. ಉಣ್ಣಿಗಳನ್ನು ಧಾರವಾಡದ ಕಾಲೇಜಿಗೆ ಒಯ್ಯುತ್ತೇನೆ ಎಂದಾಗ ನಕ್ಕಿರಿ: "ನಮ್ಮ ಮನ್ಯಾಗ ಯಾರೂ ಕಾಲೇಜು ಕಂಡಿಲ್ರಿ. ಆಕಳ ರಕ್ತ ಕುಡದು ಇವು ಹೊಂಟಾವ ನೋಡ್ರಿ!"

ಆಮೇಲೆ ಗೂಡಿನಿಂದ ಬಾಟಲಿ ತಂದಿರಿ—ಹಾವೇರಿಯ ದನದ ದವಾಖಾನೆಯಲ್ಲಿ ಕೊಟ್ಟ ಉಣ್ಣಿಯ ಔಷಧ. "ಇವತ್ತ ಹಚ್ಚಲೇನ್ರಿ?" ಅಂದು ಸಿಕ್ಕ ಗಂಡು ಉಣ್ಣಿಗಳು ನನಗೆ ಸಾಲುತ್ತಿರಲಿಲ್ಲ, ಇನ್ನಷ್ಟು ಬೇಕಿದ್ದವು.

"ಈಗ ಬ್ಯಾಡ್ರಿ. ಎಂಟು ದಿನ ಬಿಟ್ಟು ಬರ್ತೇನಿ. ಅಲ್ಲೀಮಟ ಏನೂ ಹಚ್ಚಬ್ಯಾಡ್ರಿ."

"ನೀವು ಹೇಳಿದ ಮ್ಯಾಲ ಮುಗೀತ್ರಿ."

ಎಂಟನೆಯ ದಿನ ನಾನು ಬರಲಿಲ್ಲ. ಬ್ಯಾಡಗಿಯಲ್ಲಿ ಗೆಳೆಯನ ಮದುವೆ, ಅಲ್ಲಿಂದ ರಾಣೆಬೆನ್ನೂರಿನ ಅಕ್ಕನ ಮನೆ. ಮೂರು ವಾರ ಕಳೆದು ಬಂದಾಗ—

ಆಕಳು ಮಲಗಿತ್ತು. ಕಿವಿಯೊಳಗೆ, ಗಂಗೆದೊಗಲಿನಲ್ಲಿ, ಬಾಲದ ಬುಡದಲ್ಲಿ, ಔಡಲ ಬೀಜದಂತೆ ಊದಿದ ಉಣ್ಣಿಗಳು, ಒಂದರ ಮೇಲೊಂದು. ಮೈ ಕಾದ ಹಂಚು. ಮೂತ್ರ ಕಡುಗೆಂಪು, ಹಾಲು ಬೆರೆಸದ ಕಾಫಿಯ ಹಾಗೆ. ಉಣ್ಣಿಜ್ವರ—ಪುಸ್ತಕದಲ್ಲಿ ಓದಿದ್ದೆ. ಕಾಲಡಿ ಒಂದು ಉಣ್ಣಿ ಪಟ್ಟೆಂದು ಒಡೆದು ಚಪ್ಪಲಿ ಅಂಟಂಟಾಯಿತು.

"ಬಂದ್ರಲ್ಲ! ಒಂದ ಹನಿ ಹಚ್ಚಿಲ್ರಿ, ಸಾಹೇಬ್ರ. ಎಲ್ಲಾರೂ ದವಾಖಾನಿಗೆ ಹೋಗು ಅಂದ್ರು. ನಮ್ಮ ಡಾಕ್ಟರ್ ಬರ್ತಾರ ಅಂದೆ. ಲಗೂ ಸೂಜಿ ಹಾಕ್ರಿ."

ಆಗಲಾದರೂ ನಿಜ ಹೇಳಬಹುದಿತ್ತು. "ಸೂಜಿ ತರ್ತೇನಿ" ಎಂದೆ. ಹೊರಡುವ ಮುಂಚೆ—ಬರೆಯುವ ಕೈಗೇ ಹೇಸಿಕೆಯಾಗುತ್ತದೆ—ಅಲ್ಲೇ ಕೂತು ನಾಲ್ಕು ನಳಿಗೆ ತುಂಬಿಕೊಂಡೆ. ನೀವು ಆಕಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನನಗೆ ಅನುಕೂಲವಾಗಲೆಂದು ಅದರ ಕಿವಿ ಮಡಚಿ ಹಿಡಿದಿರಿ.

ಹಾವೇರಿಯಲ್ಲಿ ದನದ ದವಾಖಾನೆ ತೆರೆದೇ ಇತ್ತು. ಅದರ ಮುಂದೆಯೇ ನಿಲ್ಲದೆ ಸೈಕಲ್ ತುಳಿದೆ. ಒಳಗೆ ಹೋದರೆ ಕೇಳುತ್ತಾರೆ—ಔಷಧ ಬೇಡ ಅಂದವರು ಯಾರು? ಮರುದಿನ ಧಾರವಾಡದ ಬಸ್ಸು ಹತ್ತಿದೆ, ಚೀಲದಲ್ಲಿ ನಳಿಗೆಗಳು.

ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಆ ಉಣ್ಣಿಗಳ ಸ್ಲೈಡೇ. ಇಪ್ಪತ್ತೊಂದು ವರ್ಣತಂತು, ಬೆರಳಿಟ್ಟು ಎಣಿಸುವಷ್ಟು ಸ್ಪಷ್ಟ. ಮಾರ್ಗದರ್ಶಕರು ಬೆನ್ನು ತಟ್ಟಿದರು. ಪ್ರಬಂಧದಲ್ಲಿ ಆ ಚಿತ್ರವಿದೆ, ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರಿಲ್ಲ. ಈಗಲೂ ಕುತ್ತಿಗೆಯ ಹಿಂದೆ ಏನೋ ಹರಿದಾಡಿದಂತಾಗಿ ಕೈ ಹೋಗುತ್ತದೆ. ಏನೂ ಇರುವುದಿಲ್ಲ—ನಾನಿರುತ್ತೇನೆ, ಅಷ್ಟೇ.

ನಾನು ಧಾರವಾಡಕ್ಕೆ ಮರಳಿದ ತಿಂಗಳ ಬಳಿಕ ಹಾಸ್ಟೆಲಿನ ಊಟದ ಹೊತ್ತಿಗೆ ನಿಮ್ಮೂರಿನ ಸಹಪಾಠಿಯೊಬ್ಬ ಹೇಳಿದ: "ನಮ್ಮೂರ ಹುಸೇನಬಿ ಆಕಳ ಸತ್ತುಹೋತಲೇ. ಮುದುಕಿ ಇನ್ನೂ ದಿನಾ ಹಾವೇರಿ ರಸ್ತೆಗೆ ಬಂದು ನಿಂದರ್ತಾಳ. ಡಾಕ್ಟರ್ ಸಾಹೇಬ್ರಿಗೆ ಏನರ ಆಗಿರಬೇಕು, ಇಲ್ಲಂದ್ರ ಬರತಿದ್ರು ಅಂತ ಚಿಂತಿ ಮಾಡ್ತಾಳ."

ತಟ್ಟೆಯಿಂದ ತಲೆ ಎತ್ತದೆ ನಾನು ಕೇಳಿದೆ:

"ಯಾವ ಡಾಕ್ಟರಲೇ?"