ಲೋಟದ ತಳದಲ್ಲಿ ರಾಗಿ

ಕಲ್ಲುಬೆಂಚಿನ ಮೇಲೊಂದು ಗಾಜಿನ ಟೀ ಲೋಟ. ಅದರ ತುಂಬ ನೀರು. ತಳದಲ್ಲಿ ಹತ್ತೋ ಹನ್ನೊಂದೋ ರಾಗಿ ಕಾಳು. ಎಳೆಬಿಸಿಲು ಗಾಜನ್ನು ಹಾದು ಬೆಂಚಿನ ಮೇಲೆ ಅಲುಗದ ಬೆಳಕಿನ ಬಳೆಯೊಂದನ್ನು ಇಟ್ಟಿದೆ. ಪಕ್ಕದಲ್ಲೊಂದು ಕೈ: ವರ್ಷಗಟ್ಟಲೆ ಬಿಸಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ಬೆರಳ ತುದಿ ಬಿಳಿಚಿಕೊಂಡ ಕೈ.

ಕೈ ಅಜೀಜಾ ಅವರದು. ನೂಲು ತೆಗೆಯುವುದನ್ನು ಬಿಟ್ಟ ಮೇಲೆ ಶಿಡ್ಲಘಟ್ಟದ ನ್ಯಾಯಾಲಯದ ಜಗಲಿಯಲ್ಲಿ ಕಾನೂನು ಸ್ವಯಂಸೇವಕಿಯಾಗಿ ಕೂರುತ್ತಾರೆ. ಕುಡಿದು ವಾಹನ ಓಡಿಸಿದ ಮೊಕದ್ದಮೆಗೆ ಬಂದವರಿಗೆ ಕಾಗದದ ಮಾತುಗಳನ್ನು ಬಿಡಿಸಿ ಹೇಳುವುದು ಅವರ ಕೆಲಸ. ಇಂದು ಎದುರಿಗಿರುವವರು ದಿಬ್ಬೂರಹಳ್ಳಿಯ ಮುನಿಗಂಗಪ್ಪ, ಗೂಡು ಸಾಗಿಸುವ ಟೆಂಪೊ ಚಾಲಕ. ಲೈಸೆನ್ಸು ಕೈತಪ್ಪಿದರೆ ಅವರಿಗೆ ಬೇರೆ ಕಸುಬಿಲ್ಲ.

“ಊದೋ ಮಿಷಿನ್‌ನಾಗೆ ನೂರಕ್ಕೆ ಅರವತ್ತೆರಡು ಬಂದೈತೆ. ಇನ್ನು ಮೂವತ್ತೆಂಟು ನೆಟ್ಟಗೇ ಇದ್ದೆ ಅಂತ ತಾನೇ?”

“ಫಸ್ಟ್ ಕ್ಲಾಸ್ ಅಂತ ಬೀಗಬೇಡಣ್ಣ, ಇದು ಮಾರ್ಕ್ಸಲ್ಲ,” ಅಜೀಜಾ ನಗುತ್ತಾರೆ. “ಈ ಲೋಟದಷ್ಟು ರಕ್ತ ಅಂದ್ಕೋ, ನೂರು ಮಿಲಿ. ಅದ್ರಲ್ಲಿ ಮೂವತ್ತು ಮಿಲಿಗ್ರಾಂ ಆಲ್ಕೋಹಾಲ್ ದಾಟಬಾರ್ದು. ಮೂವತ್ತು ಅಂದ್ರೆ ಹೆಚ್ಚುಕಮ್ಮಿ ಇಷ್ಟು ಕಾಳಿನ ತೂಕ.”

“ಅಂತೇನಾ? ಇಷ್ಟೇನಾ?”

“ಇಷ್ಟೇ. ನಿಂದು ಇಷ್ಟು.” ಮತ್ತೊಂದು ಚಿಟಿಕೆ ಲೋಟಕ್ಕೆ ಬೀಳುತ್ತದೆ. ಮುನಿಗಂಗಪ್ಪ ಮುಳುಗುವ ಕಾಳುಗಳನ್ನೇ ನೋಡುತ್ತಾರೆ.

“ಕೆಮ್ಮಿನ ಔಷಧಿ ಕುಡಿದಿದ್ದೆ ಅಂದ್ಬಿಡು ಅಂತಾರೆ ಗೂಡಿನ ಮಾರ್ಕೆಟ್‌ನೋರು.”

“ಏನ್ ಹೇಳ್ಬೇಕು ಅನ್ನೋದು ವಕೀಲರಿಗೂ ನಿನಗೂ ಬಿಟ್ಟಿದ್ದು. ಹೇಳಿದ್ದಕ್ಕೆ ಅರ್ಥ ಏನು ಅನ್ನೋದಷ್ಟೇ ನಂದು. ಲೈಸೆನ್ಸು ಅಮಾನತು ಅಂದ್ರೆ ಒಂದಷ್ಟು ಕಾಲ ನಿಲ್ಸೋದು. ರದ್ದು ಅಂದ್ರೆ ಪೂರ್ತಿ ಹೋಯ್ತು. ನಿನಗೆ ಯಾವುದಾಗುತ್ತೋ ನಾನು ಹೇಳಕ್ಕಾಗಲ್ಲ. ಜಡ್ಜ್ ಸಾಹೇಬರು ‘ತಪ್ಪು ಒಪ್ಕೋತೀಯಾ’ ಅಂದಾಗ ಮರ್ಯಾದೆಗೆ ಅಂತ ಕೈಮುಗಿದು ‘ತಮ್ಮಿಷ್ಟ ಸ್ವಾಮಿ’ ಅನ್ನಬೇಡ. ತಿಳಿದು ಹೌದು ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು.”

ಹಾಗೆ ಕೈಮುಗಿಯುವುದನ್ನು ಅಜೀಜಾ ಹತ್ತಿರದಿಂದ ಕಂಡಿದ್ದಾರೆ. ಗಂಡ ಲಾಲ್ ಬಾಷಾ ಅವರ ಕಾಲು ಮುರಿದದ್ದು ಕುಡಿದವನೊಬ್ಬನ ಗಾಡಿಗೆ ಸಿಕ್ಕಿ. “ಆ ಮನುಷ್ಯ ಕೋರ್ಟಿನಲ್ಲಿ ಎಲ್ಲಕ್ಕೂ ತಲೆಯಾಡಿಸಿದ. ದಂಡ ಕಟ್ಟಿ ಹೊರಗೆ ಬಂದು, ‘ಯಾಕೆ ಹಾಕಿದ್ರು ಇದು?’ ಅಂತ ನನ್ನನ್ನೇ ಕೇಳ್ದ,” ಎನ್ನುತ್ತಾರೆ ಅಜೀಜಾ. “ಕುಡಿದು ಓಡಿಸೋರ ಮೇಲೆ ಸಿಟ್ಟು ಇವತ್ತಿಗೂ ಇದೆ. ಆದ್ರೆ ಏನೂ ತಿಳೀದೆ ಶಿಕ್ಷೆ ತಗೊಂಡೋನು ನಾಳೆ ಮತ್ತೆ ಹಾಗೇ ಓಡಿಸ್ತಾನೆ. ಅದಕ್ಕೇ ಇಲ್ಲಿ ಕೂತಿದೀನಿ.”

ಒಳಗಿನಿಂದ ಹೆಸರು ಕೂಗುತ್ತಾರೆ. ಮುನಿಗಂಗಪ್ಪ ಎದ್ದು ನಿಂತು ಅಂಗಿ ಜೇಬು ತಡಕಿ, ಟೆಂಪೊ ಕೀಲಿಯನ್ನು ಅಜೀಜಾ ಅವರ ಅಂಗೈಗೆ ಹಾಕುತ್ತಾರೆ.

“ನಮ್ಮ ಅಳಿಯ ವೇಣು ಬತ್ತಾನೆ, ಅವನಿಗೆ ಕೊಡಮ್ಮ. ಗಾಡಿ ಅವನೇ ಹೊಡ್ಕೊಂಡು ಹೋಗ್ಲಿ.”

“ಯಾಕಣ್ಣ, ನೀನೇ ಬರ್ತೀಯಲ್ಲ ಹೊರಗೆ?”

“ಬತ್ತೀನಿ. ಆದ್ರೆ ಕುಡಿದಿದ್ದು ನಿಜ ಅಲ್ವಾ, ಹೌದು ಅಂದ್ಮೇಲೆ ಲೈಸೆನ್ಸು ಇರ್ತೈತೋ ಇಲ್ವೋ.”

ಅವರು ಒಳಕ್ಕೆ ನಡೆಯುತ್ತಾರೆ. ಬಾಗಿಲು ಅವರ ಬೆನ್ನ ಹಿಂದೆ ಮೆಲ್ಲಗೆ ಮುಚ್ಚಿಕೊಳ್ಳುತ್ತದೆ.