ಗೊಲ್ಲಾಳಪ್ಪನ ಕೆಂಪು ಪಂಪು

ಬೆಳುಂಕಿಯಲ್ಲಿ ಕಡ್ಡಿಪೆಟ್ಟಿಗೆ ಬೇಕೆಂದರೆ ಗೊಲ್ಲಾಳಪ್ಪನ ಅಂಗಡಿಗೇ ಹೋಗಬೇಕಿತ್ತು. ಚಿಮಣಿ ಎಣ್ಣೆಯೂ ಅಲ್ಲೇ, ಬೀಡಿಯೂ ಅಲ್ಲೇ. ಊರಿಗೆ ಬೆಂಕಿ ಹಚ್ಚುವ ಸಾಮಾನನ್ನೆಲ್ಲ ಮಾರುವವನೇ ಬೆಂಕಿ ಆರಿಸುವ ಮಂಡಳಿಯ ಮುಖ್ಯಸ್ಥನೂ ಆಗಿದ್ದಾನೆಂದು ಕೇಳಿ ಪರವೂರಿನವರು ನಗುತ್ತಿದ್ದರು. ಊರವರಿಗೆ ನಗು ಬರುತ್ತಿರಲಿಲ್ಲ. ಅವನ ಹತ್ತಿರ ಕಡ್ಡಿಪೆಟ್ಟಿಗೆ ಕೊಳ್ಳುವ ಕಷ್ಟ ಅವರಿಗಷ್ಟೇ ಗೊತ್ತಿತ್ತು. "ಯಾರಿಗಿ ಬೇಕ? ಎಲ್ಲಿ ಕೊರೀತಿ? ಬಣವಿ ಕಡೆ ಹೋಗಾಂವೇನ?" ಎಂದು ಫೌಜದಾರನ ಹಾಗೆ ಚೌಕಶಿ ಮಾಡುತ್ತಿದ್ದ. ಗಾಳಿ ಬೀಸುವ ಮಧ್ಯಾಹ್ನ ಕೇಳಿದರಂತೂ "ಖಲಾಸ ಆಗ್ಯಾವ" ಎಂದು ಸುಳ್ಳು ಹೇಳಿಬಿಡುತ್ತಿದ್ದ. ಅವನ ತಲೆಯ ಹಿಂದಿನ ಮಾಡದಲ್ಲಿ ಪೆಟ್ಟಿಗೆಗಳ ಸಾಲು ಗಿರಾಕಿಯ ಕಣ್ಣಿಗೆ ಕಾಣುತ್ತಲೇ ಇರುತ್ತಿತ್ತು.

ಹೀಗೆ ವ್ಯಾಪಾರ ಮಾಡಿದರೆ ಮನೆ ನಡೆಯುವುದು ಹೇಗೆ ಎಂದು ಹೆಂಡತಿ ಸಿದ್ದಲಿಂಗವ್ವ ದಿನಾಲು ಕೇಳುತ್ತಿದ್ದಳು. ಕೇಳುವುದು ಅವಳ ಪಾಲಿನ ಕೆಲಸ, ಕಿವಿಗೆ ಹಾಕಿಕೊಳ್ಳದಿರುವುದು ಅವನ ಪಾಲಿನದು. ಸಂಸಾರ ಚಲೋ ನಡೆದಿತ್ತು.

ಅವನಿಗೆ ಈ ಹುಚ್ಚು ಹತ್ತಿದ್ದು ಸುಮ್ಮನೆ ಅಲ್ಲ. ಬೆಳುಂಕಿ ಇದ್ದ ಜತ್ತ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆಯಲ್ಲಿ ಊರ ಹೊರಗಿನ ಕಣಗಳಿಗೆ ಬೆಂಕಿ ಬಿದ್ದು, ಒಂದೇ ತಾಸಿನಲ್ಲಿ ಹನ್ನೊಂದು ಬಣವೆ ಬೂದಿಯಾದವು. ಗೊಲ್ಲಾಳಪ್ಪ ಒಂದು ತಾಮ್ರದ ಕೊಡ ಹಿಡಿದು ಓಡಿದ್ದ. ಬಾವಿಗೆ ಇದ್ದದ್ದು ಒಂದೇ ಹಗ್ಗ, ಅದಕ್ಕೆ ಹೊಡೆದಾಡುವ ಕೈ ನಲವತ್ತು. ಅವನ ಕೊಡ ತುಂಬುವ ಹೊತ್ತಿಗೆ ಬಣವೆ ಇರಲಿಲ್ಲ. ಆ ವರ್ಷ ಮೇವಿಲ್ಲದೆ ಊರಿನ ಎತ್ತುಗಳು ಸಂತೆ ದಾರಿ ಹಿಡಿದು ಹೋದದ್ದನ್ನು ಅವನು ಅಂಗಡಿಯ ಕಟ್ಟೆಯ ಮೇಲೆ ಕುಳಿತು ನೋಡಿದ. ಆ ಕೊಡವನ್ನು ಮತ್ತೆ ಮುಟ್ಟಲಿಲ್ಲ.

ಅಂದಿನಿಂದ ಬೆಂಕಿ ಆರಿಸುವ ಪಂಪು ಬೇಕೆಂದು ಜತ್ತದ ಕಚೇರಿಗೆ ಅರ್ಜಿ ಬರೆಯಲು ಶುರುಮಾಡಿದ. ಮರಾಠಿಯಲ್ಲಿ, ದಪ್ಪ ಅಕ್ಷರದಲ್ಲಿ, ಎರಡು ವರ್ಷ ಬರೆದ. ಅರ್ಜಿ ಓದಿ ಓದಿ ಬೇಸತ್ತ ಕಚೇರಿಯವರು ಕೊನೆಗೆ ಹಳೆಯ ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಒಂದು ಕೈಪಂಪನ್ನು ಬೆಳುಂಕಿಗೆ ಕೊಟ್ಟು ಕೈತೊಳೆದುಕೊಂಡರು. ಎರಡು ಗಾಲಿ, ಹಿತ್ತಾಳೆಯ ಕೊಳವೆ, ಆ ಕಡೆ ಇಬ್ಬರು ಈ ಕಡೆ ಇಬ್ಬರು ನಿಂತು ಒತ್ತುವ ಉದ್ದನೆಯ ಹಿಡಿಕೆ, ಸುರುಳಿ ಸುತ್ತಿದ ಕ್ಯಾನ್ವಾಸಿನ ಪೈಪು, ಮೈಯೆಲ್ಲ ಕೆಂಪು ಬಣ್ಣ. ಗೊಲ್ಲಾಳಪ್ಪ ಅದರೊಳಗೆ ನೀರು ಸೋರದಂತೆ ಕೂಡಿಸಿದ ಚರ್ಮದ ವಾಯಸರಿಗೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಸಿದ್ದಲಿಂಗವ್ವನ ತಲೆಗೆ ಕುಸುಬಿ ಎಣ್ಣೆಯೇ ಗತಿಯಾಯಿತು.

ಹನ್ನೆರಡು ಮಂದಿಯ ಮಂಡಳಿ ಕಟ್ಟಿದ. ಸಂಬಳವಿಲ್ಲ, ಬೆಂಕಿ ಬಿದ್ದರೆ ಇದ್ದ ಕೆಲಸ ಬಿಟ್ಟು ಓಡಿಬರಬೇಕು, ಅಷ್ಟೇ ಕರಾರು. ಕರೆಯಲು ಮಠದಿಂದ ಒಂದು ಹಳೆಯ ಜಾಗಟೆ ತಂದ. ಮೊದಲ ಸಲ ಜಾಗಟೆ ಬಾರಿಸಿದಾಗ ಅರ್ಧ ಊರು ಪ್ರಸಾದಕ್ಕೆಂದು ತಾಟು ಹಿಡಿದು ಬಂತು. ಆದರೂ ಮಂಡಳಿ ಸೋಮವಾರಕ್ಕೊಮ್ಮೆ ತಾಲೀಮು ತಪ್ಪಿಸಲಿಲ್ಲ. ಮನೆ ಕಟ್ಟುವ ಶಿದ್ರಾಯ ಹಿಡಿಕೆಯ ಒಂದು ಕಡೆ, ಕುರಿ ಕಾಯುವ ಧೂಳಪ್ಪ ಇನ್ನೊಂದು ಕಡೆ. ಪೈಪಿನ ಮೂತಿ ಹಿಡಿಯುವವನು ಗೊಲ್ಲಾಳಪ್ಪನೇ, ಬೇರೆಯವರ ಕೈಗೆ ಕೊಟ್ಟವನಲ್ಲ.

ಒಂದೇ ಕೊರತೆ. ಪಂಪು ಬಂದ ಮೇಲೆ ಊರಲ್ಲಿ ಬೆಂಕಿಯೇ ಬೀಳಲಿಲ್ಲ.

ಬೀಳುವುದಾದರೂ ಹೇಗೆ? ಬಣವೆಗಳ ನಡುವೆ ಇಪ್ಪತ್ತು ಮಾರು ಅಂತರ ಬಿಡಿಸಿದ್ದು ಅವನೇ. ಹೆಂಗಸರು ತಿಪ್ಪೆಗೆ ಚೆಲ್ಲಿದ ಬೂದಿಯಲ್ಲಿ ಬೆರಳಾಡಿಸಿ ಕೆಂಡ ಹುಡುಕಿ ಬೈಯುತ್ತಿದ್ದವನೂ ಅವನೇ. ಹೀಗೆ ಮೂರು ವರ್ಷ ಕಳೆದು ೧೯೫೪ರ ಸುಗ್ಗಿ ಮುಗಿಯುವ ಹೊತ್ತಿಗೆ ಜತ್ತದ ಕಚೇರಿಯಿಂದ ಒಂದು ಕಾಗದ ಬಂತು. ಮೂರು ವರ್ಷದಲ್ಲಿ ಒಂದೂ ಬೆಂಕಿ ಆರಿಸಿಲ್ಲ, ಅಂದಮೇಲೆ ಪಂಪಿನ ಗರಜು ಈ ಊರಿಗಿಲ್ಲ. ನೆರೆಯ ಉಟಗಿ ಊರಿನವರೂ ಪಂಪು ಕೇಳಿದ್ದಾರೆ. ಬರುವ ಗುರುವಾರ ಕಚೇರಿಯ ಹಿರಿಯ ಗುಮಾಸ್ತರಾದ ಅವ್ವಲ ಕಾರಕೂನರು ಬರುತ್ತಾರೆ, ಅವರೆದುರು ಒಂದು ಗುಡಿಸಲು ಸುಟ್ಟು, ಆರಿಸಿ ತೋರಿಸಬೇಕು. ಇದಕ್ಕೆ ಪ್ರಾತ್ಯಕ್ಷಿಕ ಎನ್ನುತ್ತಾರೆ. ಮಾಡದಿದ್ದರೆ ಪಂಪು ಉಟಗಿಗೆ ಹೋಗುತ್ತದೆ.

ಬೆಂಕಿ ಬೀಳದಂತೆ ಊರು ಕಾದವನಿಗೆ ಸರಕಾರ ಕೊಡುವ ಮರ್ಯಾದೆ ಇದು. ಗೊಲ್ಲಾಳಪ್ಪ ಎರಡು ದಿನ ಅನ್ನ ಬಿಟ್ಟ. ಮೂರನೆಯ ದಿನ ಎದ್ದು ಮಂಡಳಿಯನ್ನು ಕರೆದು, ಸುಡಲು ಒಂದು ಗುಡಿಸಲು ಕಟ್ಟಬೇಕೆಂದ.

ಕಣಿಕೆ ಯಾರೂ ಕೊಡಲಿಲ್ಲ. ದನದ ಬಾಯಿಯ ಮೇವನ್ನು ಬೇಕೆಂದೇ ಸುಡುವ ಪಾಪ ಯಾರಿಗೆ ಬೇಕಿತ್ತು. ದನ ತಿನ್ನದ ತೊಗರಿ ಕಟ್ಟಿಗೆ, ಕೊಳೆತ ಹುಲ್ಲು, ಮುರುಕು ಜಂತಿ ಕೂಡಿಸಿ ಶಿದ್ರಾಯನಿಗೆ ಒಪ್ಪಿಸಿದರು. ತಪ್ಪಾದದ್ದು ಇಲ್ಲೇ. ಶಿದ್ರಾಯನ ಕೈಗೆ ಕೆಟ್ಟ ಕೆಲಸ ಗೊತ್ತಿರಲಿಲ್ಲ. ಆಯ ನೋಡಿ ಮೂಡಣಕ್ಕೆ ಬಾಗಿಲಿಟ್ಟ, ಗೋಡೆಗೆ ಸಗಣಿ ಮಣ್ಣು ಮೆತ್ತಿದ, ದೀಪಕ್ಕೊಂದು ಮಾಡ ಬಿಟ್ಟ. ಬುಧವಾರ ಮುಂಜಾನೆ ಗೊಲ್ಲಾಳಪ್ಪ ನೋಡಲು ಬಂದಾಗ ಹೊಸ್ತಿಲು ಕೂಡಿಸಿ ಅರಿಷಿಣ ಹಚ್ಚುತ್ತಿದ್ದ.

"ನಾಳೆ ಸುಡೂ ಮನಿಗಿ ಹೊಸ್ತಿಲ ಯಾಕೋ?"

"ಹೊಸ್ತಿಲ ಇಲ್ಲಂದ್ರ ಅದು ಮನಿ ಹೆಂಗ ಆಗ್ತೈತ್ರಿ ಅಣ್ಣಾ? ಸಾಹೇಬ ಬಂದು, ಇದು ಮನಿ ಅಲ್ಲ ಅಂದ್ರ ಏನ ಮಾಡ್ತೀರಿ?"

ಮಾತಿನಲ್ಲಿ ತಥ್ಯವಿತ್ತು. ಗೊಲ್ಲಾಳಪ್ಪ ಅಂಗಡಿಗೆ ಹಿಂತಿರುಗಿದ.

ಶಿದ್ರಾಯ ಹೊಸ್ತಿಲು ಮುಗಿಸಿ ಹೋಗಿ ಎರಡು ತಾಸಾಗಿರಬೇಕು, ಗುಡಿಸಲಿನ ಮಾಡಿನಿಂದ ಹೊಗೆ ಎದ್ದಿತು. ನಾಳೆ ಸುಡಬೇಕಾದದ್ದು ಇವತ್ತೇ ಹತ್ತಿಕೊಂಡಿತಲ್ಲ ಎಂದು ಗೊಲ್ಲಾಳಪ್ಪ ಅಂಗಡಿಯಿಂದ ಹಾರಿ ಬಂದ. ಜಾಗಟೆ ಬಾರಿಸಿದ. ಮೂರು ವರ್ಷ ಕಾದು ಕುಳಿತಿದ್ದ ಹನ್ನೆರಡು ಮಂದಿ ಉಣ್ಣುವ ತಾಟು, ಕಟ್ಟುವ ಎತ್ತು, ಬೋಳಿಸಿಕೊಳ್ಳುವ ಅರ್ಧ ಗಡ್ಡ ಬಿಟ್ಟು ಬಂದರು. ಪಂಪು ಎಳೆದುಕೊಂಡು ಓಡಿದ ಪರಿಯನ್ನು ಆ ಸಾಹೇಬ ನೋಡಿದ್ದರೆ ಅಲ್ಲೇ ಸಹಿ ಹಾಕಿಬಿಡುತ್ತಿದ್ದ. ನಾಳೆಯ ಸಲುವಾಗಿ ನೀರಿನ ಪೀಪಾಯಿಗಳು ಅಲ್ಲೇ ತುಂಬಿ ನಿಂತಿದ್ದವು. ಶಿದ್ರಾಯ, ಧೂಳಪ್ಪ ಇನ್ನಿಬ್ಬರೊಡನೆ ಹಿಡಿಕೆ ಒತ್ತಿದರು. ಗೊಲ್ಲಾಳಪ್ಪ ಪೈಪಿನ ಮೂತಿಯನ್ನು ಬಾಗಿಲಿಗೆ ಗುರಿಯಿಟ್ಟ. ನೀರು ಸೊಗಸಾಗಿ ಹಾರಿತು. ಒಂದೇ ನಿಮಿಷಕ್ಕೆ ಒಳಗೆ ಚೊಂಯ್ ಎಂದು ಸದ್ದಾಗಿ ಹೊಗೆ ನಿಂತಿತು. ಮಂಡಳಿಯವರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಆಗ ಬಾಗಿಲಲ್ಲಿ ಯಮನವ್ವ ಕಾಣಿಸಿಕೊಂಡಳು. ಮುಂಡಾಸಿನ ಹಾಗೆ ಸುತ್ತಿದ ಸೆರಗಿನಿಂದ ಕಾಲಿನವರೆಗೆ ನೀರು ಇಳಿಯುತ್ತಿತ್ತು. ಕೈಯಲ್ಲಿ ಅಡಿಗೆ ತಿರುವುವ ಒಂದು ಕಟ್ಟಿಗೆ ಹುಟ್ಟು.

ಯಮನವ್ವ ಧೂಳಪ್ಪನ ಅಕ್ಕ. ಗಂಡ ತೀರಿದ ಮೇಲೆ ತಮ್ಮನ ಕುರಿಹಟ್ಟಿಯ ಮೂಲೆಯಲ್ಲಿ ಹದಿನಾಲ್ಕು ವರ್ಷ ಕಳೆದವಳು. ತಮ್ಮನ ಹೆಂಡತಿಗೂ ಇವಳಿಗೂ ಒಂದು ದಿನ ಬಾಯಿ ನಿಂತದ್ದಿಲ್ಲ. ಊರ ಹೊರಗೆ ಯಾರೂ ಇಲ್ಲದ ಹೊಸ ಮನೆ, ಅರಿಷಿಣ ಹಚ್ಚಿದ ಹೊಸ್ತಿಲು ಕಂಡದ್ದೇ ತನ್ನ ಒಂದು ಆಡು, ಎರಡು ಗಡಿಗೆ, ಒಂದು ಕಂಬಳಿ ತಂದು ಹೊಕ್ಕುಬಿಟ್ಟಿದ್ದಳು. ಹೊಕ್ಕಮೇಲೆ ಹಾಲು ಉಕ್ಕಿಸಬೇಕಲ್ಲ. ಅದಕ್ಕೇ ಒಲೆ ಹೂಡಿದ್ದಳು.

"ಗೊಲ್ಲಾಳಪ್ಪಾ, ಹೊಸಾ ಮನಿ ಒಲಿ ಆರಿಸಿದ್ಯಲ್ಲೋ ತಮ್ಮಾ," ಎಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಯವ್ವಾ, ಇದು ಇರಾಕ ಕಟ್ಟಿದ ಮನಿ ಅಲ್ಲ. ನಾಳೆ ಸುಡಾಕ ಕಟ್ಟೀವಿ."

"ಸುಡಾಕ ಯಾರರ ಮನಿ ಕಟ್ತಾರೇನೋ?"

ಗೊಲ್ಲಾಳಪ್ಪ ಧೂಳಪ್ಪನ ಕಡೆ ತಿರುಗಿ, ನಿನ್ನ ಅಕ್ಕನನ್ನು ಕರೆದುಕೊಂಡು ಹೋಗು ಎಂದ. ಧೂಳಪ್ಪ ಹಿಡಿಕೆಯನ್ನೇ ಒರೆಸುತ್ತ, "ಮುಂಜಾನಿಂದ ನಮ್ಮ ಮನ್ಯಾಗ ಸಪ್ಪಳನ ಇಲ್ರಿ ಅಣ್ಣಾ. ಹದಿನಾಕ ವರ್ಷದಾಗ ಇವತ್ತ ಅರಾಮ ಉಂಡೀನಿ," ಎಂದು ಬೇರೆ ಕಡೆ ನೋಡಿದ.

ಅಷ್ಟರಲ್ಲಿ ಕೂಡಿದ ಹೆಂಗಸರು ಬೇರೆಯೇ ತಕರಾರು ತೆಗೆದರು. ಊರಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ ಒಂದಿತ್ತು. ಹೊಸ ಮನೆಯ ಒಲೆ ಹಾಲುಕ್ಕುವ ಮೊದಲೇ ಆರಬಾರದು. ಆರಿದರೆ ಯಾರ ಕೈಯಿಂದ ಆರಿತೋ ಅವರೇ ಹೊತ್ತಿಸಿ, ಹಾಲು ಉಕ್ಕುವ ತನಕ ಮುಂದೆ ಕೂರಬೇಕು. ಇಲ್ಲದಿದ್ದರೆ ಆರಿಸಿದವನ ಮನೆಯ ಒಲೆಗೂ ಕೇಡು. ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಸಿದ್ದಲಿಂಗವ್ವ.

ಗೊಲ್ಲಾಳಪ್ಪನ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಎಂದೂ ಇರುತ್ತಿರಲಿಲ್ಲ. ಹೆಂಡತಿಯನ್ನೇ ಅಂಗಡಿಗೆ ಕಳಿಸಿದ. ಅವಳು ತಂದು, ಕೊಡುವ ಮುನ್ನ, ಊರ ಮುಂದೆ ಕೇಳಿದಳು: "ಯಾರಿಗಿ ಬೇಕ್ರಿ? ಎಲ್ಲಿ ಕೊರೀತೀರಿ?"

ಊರು ನಕ್ಕಿತು. ಗೊಲ್ಲಾಳಪ್ಪ ತಲೆ ತಗ್ಗಿಸಿ ಒಳಗೆ ಹೋದ. ತೋಯ್ದ ಕಟ್ಟಿಗೆ ಹತ್ತಲಿಲ್ಲ. ಒಂದು ಕಡ್ಡಿ, ಎರಡು ಕಡ್ಡಿ, ಒಂಬತ್ತು ಕಡ್ಡಿ. ಬಗ್ಗಿ ಊದಿ ಊದಿ ಮೀಸೆಗೆಲ್ಲ ಬೂದಿಯಾಯಿತು. ಜೀವಮಾನವೆಲ್ಲ ಬೆಂಕಿ ಬೇಡ ಬೇಡ ಎಂದವನು ಅಂದು ಒಂದು ಉರಿಗಾಗಿ ಒಳಗೊಳಗೇ ಸಿದ್ಧರಾಮನಿಗೆ ಹರಕೆ ಹೊತ್ತ. ಕೊನೆಗೆ ಉರಿ ಹತ್ತಿತು. ಯಮನವ್ವ ತಂಬಿಗೆಯಲ್ಲಿ ಉಳಿದ ಹಾಲಿಟ್ಟಳು. ಇಬ್ಬರೂ ಒಲೆಯ ಮುಂದೆ ಕುಳಿತರು. ಹಾಲು ಉಕ್ಕಿ ಮೂಡಣಕ್ಕೆ ಹರಿದಾಗ ಯಮನವ್ವ ಅಳುತ್ತಿದ್ದಳು. ಅದು ಹೊಗೆಯಿಂದ ಬಂದ ಕಣ್ಣೀರಲ್ಲವೆಂದು ಗೊಲ್ಲಾಳಪ್ಪನಿಗೆ ಗೊತ್ತಿತ್ತು. ನಾಳೆ ಹೇಗೆ ಎಂದು ಯಾರೂ ಕೇಳದಿರಲಿ ಎಂದು ಹಿತ್ತಲ ದಾರಿ ಹಿಡಿದು ಮನೆಗೆ ಹೋದ.

ಗುರುವಾರ ಅವ್ವಲ ಕಾರಕೂನ ಬಾಳಾಸಾಹೇಬ ಜೀಪಿನಲ್ಲಿ ಬಂದರು. ಕೆಟ್ಟ ಮನುಷ್ಯನಲ್ಲ, ಬಿಸಿಲಿಗೆ ಬೆಂದು ಬಂದಿದ್ದರು ಅಷ್ಟೇ. ಗುಡಿಸಲಿನ ಮುಂದೆ ರಂಗೋಲಿ ಇತ್ತು, ಬಾಗಿಲಲ್ಲಿ ಆಡು ಕಟ್ಟಿತ್ತು, ಹೊಸ್ತಿಲ ಒಳಗೆ ಯಮನವ್ವ ಜೋಳ ಹಸನು ಮಾಡುತ್ತ ಕುಳಿತಿದ್ದಳು.

"ಹಚ್ಚರಿ ಬೆಂಕಿ," ಎಂದರು ಬಾಳಾಸಾಹೇಬ.

"ಹಚ್ಚಾಕ ಬರೂದಿಲ್ರಿ ಸಾಹೇಬರ. ಒಳಗ ಸಂಸಾರ ಐತಿ," ಎಂದ ಗೊಲ್ಲಾಳಪ್ಪ.

ಬೇಕಾದರೆ ಪಂಪಿನ ಜೋರು ತೋರಿಸುತ್ತೇವೆಂದು ಮಂಡಳಿ ಮೈಮುರಿದು ಒತ್ತಿತು. ನೀರು ಜಾಲಿ ಮರದ ತುದಿ ದಾಟಿ ಜೀಪಿನ ಮೇಲೆ ಬಿತ್ತು. ಚಾಲಕ ಖುಷಿಪಟ್ಟ. ಬಾಳಾಸಾಹೇಬ ಕರವಸ್ತ್ರದಿಂದ ಮುಖ ಒರೆಸಿಕೊಂಡು, "ಬೆಂಕಿ ಇಲ್ಲದ ನೀರ ಹಾಕಿದ್ರ ಅದು ಪ್ರಾತ್ಯಕ್ಷಿಕ ಅಲ್ಲ, ಜಳಕ," ಎಂದರು.

ಆದರೂ ಅವರಿಗೆ ಗೊಲ್ಲಾಳಪ್ಪನ ಮುಖ ನೋಡಿ ಕನಿಕರವಾಯಿತು. ನಿನ್ನೆಯ ಸಂಗತಿ ಕೇಳಿಕೊಂಡು, ಪೆನ್ನು ತೆಗೆದು ದಾರಿ ತೋರಿಸಿದರು. "ಈ ಹೆಣ್ಣಮಗಳ ಮನಿಗಿ ನಿನ್ನೆ ಬೆಂಕಿ ಹತ್ತಿತ್ತು, ಮಂಡಳಿ ಆರಿಸಿತು ಅಂತ ಬರೀತೀನಿ. ನೀವು ಸಹಿ ಮಾಡ್ರಿ. ಪಂಪ ಇಲ್ಲೇ ಇರ್ತೈತಿ."

ಮಂಡಳಿಯ ಮಂದಿಗೆ ಜೀವ ಬಂತು. ಗೊಲ್ಲಾಳಪ್ಪ ಕೈಚಾಚಿ ಪೆನ್ನು ತೆಗೆದುಕೊಂಡ.

"ತಮ್ಮಾ," ಎಂದಳು ಯಮನವ್ವ ಮೊರ ಕೆಳಗಿಟ್ಟು, "ನನ್ನ ಮನಿಗಿ ಬೆಂಕಿ ಹತ್ತಿಲ್ಲ. ಹೊಕ್ಕ ದಿನಾನ ಸುಟ್ಟಿತು ಅಂತ ಸರಕಾರದಾಗ ಬರಸಬ್ಯಾಡ. ಈ ವಯಸ್ಸಿನಾಗ ನನಗ ಸಿಕ್ಕದ್ದು ಇದೊಂದ."

ಪೆನ್ನು ಅವನ ಕೈಯಲ್ಲಿತ್ತು. ಮೂರು ಮಾರು ಆಚೆ ಪಂಪು ನಿಂತಿತ್ತು, ಅಂದು ನಸುಕಿನಲ್ಲೇ ಎದ್ದು ಒರೆಸಿದ್ದ, ಹಿತ್ತಾಳೆ ಫಳಫಳ ಹೊಳೆಯುತ್ತಿತ್ತು. ಅದು ಹೋದರೆ ಮುಂದಿನ ಬೇಸಿಗೆಗೆ ಹನ್ನೊಂದು ಬಣವೆಯ ಮುಂದೆ ಮತ್ತೆ ಒಂದು ಕೊಡ ಹಿಡಿದು ನಿಲ್ಲಬೇಕಾದೀತು. ಕಾಗದದ ಮೇಲಿನ ಒಂದು ಮಾತು ಯಾರನ್ನು ನೋಯಿಸುತ್ತದೆ ಎಂದು ಶಿದ್ರಾಯ ಕಿವಿಯಲ್ಲಿ ಹೇಳಿದ. ನೋಯುವವಳು ಎದುರಿಗೇ ಕುಳಿತಿದ್ದಳು. ಗೊಲ್ಲಾಳಪ್ಪ ಪೆನ್ನು ಹಿಂದಕ್ಕೆ ಕೊಟ್ಟ.

"ಬೆಂಕಿ ಬಿದ್ದಿಲ್ರಿ ಸಾಹೇಬರ. ತಪ್ಪ ತಿಳಕೊಂಡು ಒಲಿ ಆರಿಸಿದಿವಿ. ಇದ್ದದ್ದ ಬರೀರಿ."

ಎಂಟು ದಿನಕ್ಕೆ ಉಟಗಿಯಿಂದ ಗಾಡಿ ಬಂತು. ಪಂಪನ್ನು ಹಗ್ಗದಿಂದ ಬಿಗಿದು ಕಟ್ಟುವಾಗ ತಾನು ಅಳಲಿಲ್ಲವೆಂದು ಗೊಲ್ಲಾಳಪ್ಪ ಆಮೇಲೆ ಹೇಳಿಕೊಂಡು ತಿರುಗಿದ. ಅತ್ತದ್ದನ್ನು ಊರೆಲ್ಲ ನೋಡಿತ್ತು. ವಾಯಸರಿಗೆ ಎಣ್ಣೆ ಹಚ್ಚುವುದು ಉಟಗಿಯವರಿಗೆ ತಿಳಿಯಲಿಕ್ಕಿಲ್ಲ ಎಂಬ ನೆಪ ಹೇಳಿ, ಅಂಗಡಿಗೆ ಕೀಲಿ ಹಾಕಿ, ಗಾಡಿಯ ಹಿಂದೆ ಉಟಗಿಯವರೆಗೂ ನಡೆದ.

ಉಟಗಿಯಲ್ಲಿ ಪಂಪಿಗೆ ಕಾಯಿ ಒಡೆದು ಕುಂಕುಮ ಹಚ್ಚಿದರು. ಅಲ್ಲಿಯ ಮಂಡಳಿಯ ಹಿರಿಯ ಸೋಮನಿಂಗಪ್ಪ ಗೊಲ್ಲಾಳಪ್ಪನನ್ನು ಕಂಬಳಿಯ ಮೇಲೆ ಕೂಡಿಸಿ ಚಹಾ ಕೊಟ್ಟ. ಸುತ್ತಲೂ ಪಂಪು ಒತ್ತಲು ಆಯ್ದ ಗಟ್ಟಿ ಆಳುಗಳು ಕುಳಿತಿದ್ದರು.

"ಮೂರ ವರ್ಷದಾಗ ಎಷ್ಟ ಬೆಂಕಿ ಆರಿಸೀರಿ ಗೊಲ್ಲಾಳಪ್ಪನೋರ?" ಎಂದು ಕೇಳಿದ ಸೋಮನಿಂಗಪ್ಪ.

ಇಪ್ಪತ್ತು ಎಂದರೂ ನಡೆಯುತ್ತಿತ್ತು, ಅಲ್ಲಿ ಸುಳ್ಳು ಹಿಡಿಯುವವರಿರಲಿಲ್ಲ.

"ಒಂದ ರೀ."

"ದೊಡ್ಡದಿತ್ತೇನ್ರಿ?"

ಗೊಲ್ಲಾಳಪ್ಪ ಚಹಾದ ಬಸಿ ಕೆಳಗಿಟ್ಟ. "ಒಂದ ತಂಬಗಿ ಹಾಲ ಉಕ್ಕೂವಷ್ಟ ಇತ್ತರಿ. ನಾನ ಮತ್ತ ಹಚ್ಚಿ ಬಂದೀನಿ."

ಚೇಷ್ಟೆ ಮಾಡುತ್ತಿದ್ದಾನೆಂದು ತಿಳಿದು ಅವರೆಲ್ಲ ಬಿದ್ದು ಬಿದ್ದು ನಕ್ಕರು. ಗೊಲ್ಲಾಳಪ್ಪ ಅವರು ನಕ್ಕು ಮುಗಿಸುವ ತನಕ ಕಾದ. ಆಮೇಲೆ ಪಂಪಿನ ಹತ್ತಿರ ಹೋಗಿ, ಕೊಬ್ಬರಿ ಎಣ್ಣೆ ಎಷ್ಟು ಹಾಕಬೇಕೆಂಬುದನ್ನು ತೋರಿಸಿಕೊಟ್ಟ.