ಬೀಗತನದ ಗೆರೆಗಳು

ಕಂಪ್ಯೂಟರಿನಲ್ಲಿ ಬರಗಾಲ ತರುವುದು ನನ್ನ ಕೆಲಸ. ಗೋಕಾಕದಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಉಳಿದ ಹೊತ್ತಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಊರುಗಳ ಮನೆಗಳನ್ನು ಪರದೆಯ ಮೇಲೆ ಚುಕ್ಕೆಗಳಾಗಿಟ್ಟು, ಮಳೆ ಕಡಿಮೆ ಮಾಡಿ, ಯಾರ ಬಾವಿ ಮೊದಲು ಬತ್ತುತ್ತದೆ, ಯಾರ ಕೊಟ್ಟಿಗೆ ಮೊದಲು ಬರಿದಾಗುತ್ತದೆ ಎಂದು ನೋಡುತ್ತೇನೆ. "ಇದ್ದ ಬರಗಾಲ ಸಾಲಲಿಲ್ಲಂತ ಹೊಸಾದು ಮಾಡಾಕತ್ತೀಯೇನ?" ಎಂದು ಮಮದಾಪುರದ ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಕಾಡಿಸುತ್ತಾಳೆ.

ಆ ಬೇಸಿಗೆ ನನ್ನ ಲೆಕ್ಕದ ಪ್ರಕಾರ ಮಮದಾಪುರದಲ್ಲಿ ದನಗಳೇ ಉಳಿಯುವಂತಿರಲಿಲ್ಲ. ಹಿಂದಿನ ಕೆಟ್ಟ ವರ್ಷಗಳಲ್ಲೂ ಹಾಗೇ ಆಗಬೇಕಿತ್ತು. ಆದರೆ ಪ್ರತಿ ಸಲವೂ ಮಳೆ ಬಿದ್ದ ಮೇಲೆ ದನಗಳು ಊರಿಗೆ ಮರಳಿದ್ದವು. ಎಲ್ಲಿಗೆ ಹೋಗಿದ್ದವು ಎಂದು ಕೇಳಿದರೆ ಚಿಗವ್ವ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಮತ್ತೆಲ್ಲಿಗೆ ಹೋಗ್ತಾವು? ಬೀಗರ ಮನಿಗೆ."

ನೀರು ಹೋದ ಊರಿನ ದನ ಹೊಳೆದಂಡೆಯ ಬೀಗರ ಕೊಟ್ಟಿಗೆಗೆ ಹೋಗುತ್ತದೆ. ಅಲ್ಲಿರುವಷ್ಟು ದಿನ ಅದರ ಹಾಲು, ಮೇವು ಹಾಕಿದವರಿಗೆ; ದನ ಮಾತ್ರ ಕಳಿಸಿದವರದೇ. ಕರಾರು ಅಷ್ಟೇ. ನಾನು ಪೆನ್ನು ಹಿಡಿದು ಮನೆ ಮನೆಗೆ ಹೊರಟೆ: ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ, ಸೊಸೆ ಎಲ್ಲಿಯವಳು? ವಧು ಹುಡುಕಾಕ ಬಂದಾಳ ಎಂದು ಕೆಲವರು ನಕ್ಕರು. ಮಸಗುಪ್ಪಿಗೆ, ಸಂಕೇಶ್ವರಕ್ಕೆ, ಮತ್ತೆಲ್ಲೆಲ್ಲಿಗೋ ಗೆರೆಗಳು ಎದ್ದವು. ಅವನ್ನು ಸೇರಿಸಿ ಅದೇ ಬರಗಾಲವನ್ನು ಪರದೆಯ ಮೇಲೆ ಮತ್ತೆ ತಂದೆ. ಬರಿದಾಗುತ್ತಿದ್ದ ಊರುಗಳು ಒಂದೊಂದಾಗಿ ನಿಂತುಕೊಂಡವು. ಇಷ್ಟು ವರ್ಷ ನಾನು ಹೋಳಿಗೆ ಉಂಡು ಬಂದ ಮದುವೆಗಳೆಲ್ಲ ಈ ಸೀಮೆಯನ್ನು ಹಿಡಿದು ನಿಲ್ಲಿಸಿದ್ದವು!

ಸಂಭ್ರಮ ತಡೆಯಲಾರದೆ ಲ್ಯಾಪ್‌ಟಾಪ್ ಹೊತ್ತು ಚಿಗವ್ವನ ಪಡಸಾಲೆಯಲ್ಲಿ ಕೂತೆ. ಅವಳ ಮಗಳನ್ನು ಮಸಗುಪ್ಪಿಗೆ ಕೊಟ್ಟಿದೆ. ಆದರೆ ಆ ವರ್ಷ ಅಲ್ಲಿಯೂ ಹೊಳೆ ಸಣ್ಣದಾಗಿತ್ತು, ಮೇವು ಕಡಿಮೆಯಿತ್ತು.

"ನಮ್ಮ ಬೀಗರ ಮನ್ಯಾಗ ಎಷ್ಟು ಹಿಡಸ್ತಾವ?" ಎಂದಳು.

"ಎರಡು. ಮೂರನೇದು ಹೋದ್ರ ಅವರ ದನಕ್ಕೂ ಸಾಲೂದಿಲ್ಲ. ನಿನ್ನವೂ ಎರಡ ಅದಾವಲ್ಲ, ಚಿಂತಿ ಯಾಕ?"

ಅವಳು ಹೊಳೆದಂಡೆಗೆ ಗೆರೆಯೇ ಇಲ್ಲದ ಒಂದು ಚುಕ್ಕೆಯ ಮೇಲೆ ಬೆರಳಿಟ್ಟಳು. ಅದು ಬಾಜೂ ಮನೆ. ಅಲ್ಲಿ ಕೂಲಿಗೆ ಹೋಗುವ ವಿಧವೆಯೊಬ್ಬಳು ಇದ್ದಾಳೆ. ಅವಳ ಒಬ್ಬಳೇ ಮಗಳನ್ನು ಕೊಟ್ಟಿರುವುದು ಮಳೆಯನ್ನೇ ನಂಬಿದ ಹುಕ್ಕೇರಿ ಕಡೆಯ ಊರಿಗೆ. ಮನೆಗಿರುವುದು ಒಂದೇ ಎಮ್ಮೆ, ಅದೂ ಗಬ್ಬ. ಮಳೆಗಾಲದಲ್ಲಿ ಅದು ಈದರೆ ಆ ಹಾಲಿನ ಮೇಲೆ ಅವಳ ಸಂಸಾರ.

"ಅಕಿ ಎಮ್ಮಿ ಏನ್ ಆಗ್ತೈತಿ?"

"ಮಾರಬೇಕಾಗ್ತೈತಿ," ಎಂದೆ. ಪರದೆ ಹಾಗೇ ಹೇಳುತ್ತಿತ್ತು.

ಮುಂದಿನ ಸಂತೆಗೆ ಚಿಗವ್ವ ತನ್ನ ಎರಡು ಎಮ್ಮೆಗಳಲ್ಲಿ ಒಂದನ್ನು ಮಾರಿದಳು. ಅವಳ ಗಂಡ, ನಮ್ಮ ಕಾಕಾ, ಅವಳ ಜೊತೆ ಮಾತು ಬಿಟ್ಟರು. ನಾನಂತೂ ಬಾಯಿ ಬಿಟ್ಟೇ ಬೈದೆ: "ತಲಿ ಕೆಟ್ಟೈತೇನ ನಿಂದು? ಇಷ್ಟು ಅಗ್ಗಕ್ಕ ಯಾರರೆ ಮಾರ್ತಾರೇನ?"

"ಎರಡು ಹಿಡಸ್ತಾವಂತ ನೀನ ಹೇಳೀದಿ. ಒಂದು ನಂದು, ಒಂದು ಅಕಿದು. ಬೀಗರ ಮುಂದ ಎರಡೂ ನಮ್ಮವ. ಬಾಯಿ ಮುಚ್ಚಿಕೊಂಡು ಬರೂದಾದ್ರ ಟೆಂಪೋ ಹತ್ತು."

ಹತ್ತಿದೆ. ಬಾಜೂ ಮನೆಯವಳು ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು. ಗಾಡಿ ಚಾಲೂ ಆದ ಮೇಲೂ ಕೈ ತೆಗೆಯಲಿಲ್ಲ. ಚಿಗವ್ವನೇ ಮೆತ್ತಗೆ ಬಿಡಿಸಿದಳು. ದಾರಿಯುದ್ದಕ್ಕೂ ನನಗೆ ಭಯ. ಬೀಗತಿ ಬೇಡವೆಂದರೆ ಆ ಎಮ್ಮೆಗೆ ಸಂತೆಯೊಂದೇ ಗತಿ.

ಮಸಗುಪ್ಪಿಯ ಅಂಗಳದಲ್ಲಿ ಎಮ್ಮೆಗಳು ಇಳಿದವು. ಬೀಗತಿ ಚಿಗವ್ವನ ಮನೆಯಲ್ಲಿ ಎಷ್ಟೋ ಸಲ ಉಳಿದವರು, ಅವಳ ಎಮ್ಮೆಗಳ ಕೋಡು ಕೂಡ ಬಲ್ಲವರು. ಎರಡನೆಯದರ ಸುತ್ತ ಒಮ್ಮೆ ನಡೆದು ಬಂದು, ಅದರ ಹೊಟ್ಟೆ ಮುಟ್ಟಿ ನೋಡಿದರು. ಇದರಿಂದ ತಮಗೆ ಒಂದು ಲೋಟ ಹಾಲೂ ಸಿಗುವುದಿಲ್ಲವೆಂದು ಅವರಿಗೆ ಗೊತ್ತಾಗಿರಲೇಬೇಕು.

"ಇದೂ ನಿಮ್ದ ಏನ್ರಿ?"

"ಹೂನ್ರಿ," ಎಂದಳು ಚಿಗವ್ವ. "ನಮ್ದ."

ಬೀಗತಿ ನೀರಿನ ತೊಟ್ಟಿಯ ಪಕ್ಕದ ಗೂಟದಿಂದ ತಮ್ಮ ಎಮ್ಮೆಯನ್ನು ಬಿಚ್ಚಿ ಆಚೆ ಕಟ್ಟಿದರು. ಆ ಜಾಗದಲ್ಲಿ ಬಾಜೂ ಮನೆಯ ಎಮ್ಮೆಯನ್ನು ಕಟ್ಟುತ್ತ ಅಂದರು: "ಎರಡು ಜೀವದ್ದೈತಿ. ನೀರಿನ ಹತ್ರ ಇರಲಿ ಬಿಡ್ರಿ."